ಯಾರೂ ಓದದ ಪುಟ

ಕನ್ನಡಕ ಮನೆಯಲ್ಲೇ ಉಳಿಯಬಹುದು. ಕಟ್ಟಿಸಿದ ಹಲ್ಲು ಮೈಕಿಗೆ ಹಾರಬಹುದು. ಫ್ಯಾನಿನ ಗಾಳಿಗೆ ಪುಟ ಮಗುಚಬಹುದು. ಯಾರೋ ಕಿಸಕ್ಕನೆ ನಗಬಹುದು; ಆ ನಗುವಿಗೆ ದೊಡ್ಡಮ್ಮ ಪುಸ್ತಕ ಮುಚ್ಚಿ ಮತ್ತೆಂದೂ ತೆರೆಯದೇ ಹೋಗಬಹುದು! ಆ ಭಾನುವಾರ ಕೊಟ್ಟೂರಿನ ನಮ್ಮ ಚರ್ಚಿಗೆ ಹೊರಟಾಗ ನನ್ನ ತಲೆಯಲ್ಲಿದ್ದದ್ದು ಇಷ್ಟೇ. ಪ್ರಾರ್ಥನೆಗೆ ಜಾಗವೇ ಇರಲಿಲ್ಲ.

ನಮ್ಮ ದೊಡ್ಡಮ್ಮನಂಥ ವಿದ್ಯಾರ್ಥಿ ಶತ್ರುವಿಗೂ ಸಿಗಬಾರದು. ಎಪ್ಪತ್ತು ದಾಟಿದ ಮೇಲೆ ಅಕ್ಷರ ಕಲಿಯಲು ಕೂತವಳು! ಚಿಕ್ಕ ವಯಸ್ಸಿಗೇ ಗಂಡ ಹೋದ. ಕಿತ್ತು ಮುಗಿದ ಹೊಲಗಳಲ್ಲಿ ಅಳಿದುಳಿದ ಶೇಂಗಾ ಆಯ್ದು ಅತ್ತೆಯನ್ನು ಸಾಕುವುದರಲ್ಲಿ ಓದಿನ ಮಾತೆಲ್ಲಿ?

“ದೇವರು ಹಂಗಂದಾನ, ಹಿಂಗಂದಾನ ಅಂತ ಇಷ್ಟು ದಿನ ನಿಮ್ಮ ಬಾಯಾಗ ಕೇಳೀನಿ. ಈಗ ನಾನೇ ನೋಡಬೇಕು,” ಎಂದಳು.

“ಈ ವಯಸ್ಸಿನಾಗ ಯಾಕ ದೊಡ್ಡವ್ವಾ?”

“ದೀಕ್ಷಾಸ್ನಾನ ಆದ ದಿನಾನೇ ನಿನ್ನ ಕಲಿಕಿ ಮುಗೀತೇನು? ಅದಕ್ಕ ಹಿಂಗದೀ!”

ನಾನು ಸ್ಲೇಟು ತಂದೆ.

ಅಕ್ಷರ ಬಂದ ಮೇಲೆ ಬೈಬಲಿನ ಕೀರ್ತನೆಗಳಿಗೆ ಕೈ ಹಾಕಿದೆವು. ಅಬ್ಬಾ, ಎಂಥ ಓಟ! ನನ್ನೊಳಗೆ ಇಷ್ಟು ದೊಡ್ಡ ಮೇಷ್ಟ್ರು ಇದ್ದನೇ ಎಂದು ಬೀಗಿದೆ. ಒಂದು ಸಂಜೆ ಕರೆಂಟ್ ಹೋಯಿತು. ಕತ್ತಲಲ್ಲೂ ದೊಡ್ಡಮ್ಮ ಓದುತ್ತಲೇ ಇದ್ದಳು! ಚರ್ಚಿನಲ್ಲಿ ಕೇಳಿ ಕೇಳಿ ಎಲ್ಲ ಬಾಯಿಪಾಠ!

ಕೇಳಿ ಕಲಿತಿರದ ಅಕ್ಷರ ಬೇಕಿತ್ತು. ಬಸ್ ಸ್ಟ್ಯಾಂಡಿಗೆ ಕರೆದೊಯ್ದೆ. ಬಸ್ಸಿನ ಬೋರ್ಡಿನ ಮುಂದೆ ಕತ್ತೆತ್ತಿ ನಿಂತಳು. ಕಂಡಕ್ಟರ್ ಸೀಟಿ ಊದಿದ.

“ಹತ್ತತೀಯೋ ಇಲ್ಲೋ ಅಜ್ಜೀ?”

“ತಡಿಯಪ್ಪಾ, ‘ಕೂಡ್ಲಿ’ ತನಕ ಬಂದೀನಿ. ‘ಗಿ’ ಬಾಕಿ ಐತಿ!”

‘ಗಿ’ ಮುಗಿಯುವಷ್ಟರಲ್ಲಿ ಬಸ್ಸು ಹೋಗಿತ್ತು. ನಾವು ಹೋಗಬೇಕಿದ್ದದ್ದೂ ಕೂಡ್ಲಿಗಿಗೇ!

ನಮ್ಮ ಚರ್ಚಿನಲ್ಲಿ ವಾರಕ್ಕೊಬ್ಬರು ಎದ್ದು ವಾಕ್ಯ ಓದುವುದು ರೂಢಿ. ತನ್ನ ಸರದಿಯನ್ನು ಸದಾ ನನಗೆ ದಾಟಿಸುತ್ತಿದ್ದ ದೊಡ್ಡಮ್ಮ, ಈ ಸಲ ತಾನೇ ಓದುತ್ತೇನೆಂದಳು. ಅದೂ ಏನನ್ನು? ಯೇಸುಸ್ವಾಮಿಯ ವಂಶಾವಳಿಯನ್ನು!

ಪಾಸ್ಟರ್ ಗಾಬರಿಯಾದರು. “ಅದರಾಗ ಬರೀ ಹೆಸರು ಅದಾವಮ್ಮಾ. ನಾವೂ ಹಾರಿಸಿಬಿಡ್ತೀವಿ.”

“ಅದಕ್ಕ ಅದೇ ಬೇಕ್ರಿ ಪಾಸ್ಟರ್ರೇ. ಯಾರೂ ಓದಿಲ್ಲಂದ್ರ ನಾ ಕೇಳಿಲ್ಲ. ಕೇಳಿಲ್ಲಂದ್ರ ಬಾಯಿಪಾಠ ಇಲ್ಲ. ಓದಿದ್ರ ಖರೇನ ಓದಿದಂಗ!”

ಭಾನುವಾರ ಮೈಕಿನ ಮುಂದೆ ನಿಂತಳು. ತಡವರಿಸಿದರೆ ಹೇಳಿಕೊಡಲು ನಾನು ಪಕ್ಕದಲ್ಲಿ, ನನ್ನ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು, ಬೆವರುತ್ತಾ. ಕನ್ನಡಕ ಮೂಗಿನ ಮೇಲಿತ್ತು. ಹಲ್ಲು ಬಾಯಲ್ಲೇ ಇತ್ತು. ಒಂದೊಂದೇ ಅಕ್ಷರ ಕೂಡಿಸಿ, ಹೆಸರಿನ ಮೇಲೆ ಹೆಸರು ಓದುತ್ತ ಹೋದಳು. ಎಂಥೆಂಥ ಕಷ್ಟದ ಹೆಸರುಗಳು! ಒಂದರ ಹತ್ತಿರವೂ ಎಡವಲಿಲ್ಲ. ನಡುವೆ ಒಂದು ಪುಟ್ಟ ಹೆಸರು ಓದಿದವಳು ಗಪ್ಪನೆ ನಿಂತುಬಿಟ್ಟಳು.

ಮುಗಿಯಿತು ಕಥೆ! ಮುಂದಿನ ಹೆಸರು ಪಿಸುಗುಟ್ಟಿದೆ.

“ತಡಿಯೋ, ಓದಾಕ ಬರ್ತೈತಿ,” ಎಂದಳು, ಮೈಕಿನಲ್ಲೇ. “ಈಕಿ ಆಕಿ ಅಲ್ಲೇನು? ಗಂಡ ಸತ್ತ ಮ್ಯಾಲೂ ಅತ್ತಿ ಕೈ ಬಿಡಲಿಲ್ಲಲ್ಲ, ಮಂದಿ ಹೊಲದಾಗ ತೆನಿ ಆಯ್ದು ಸಾಕಿದ್ಲಲ್ಲ, ಬೈಬಲ್ ಕಥಿಯಾಗಿನ ಆ ಸೊಸಿ? ಸ್ವಾಮಿ ಮನಿತನದಾಗ ಈಕಿ ಹೆಸರೂ ಬರ್ದಾರ! ಯಾರೂ ನನಗ ಹೇಳಲೇ ಇಲ್ಲಲ್ಲೋ...”

ಯಾರೂ ನಗಲಿಲ್ಲ. ದೊಡ್ಡಮ್ಮ ಆ ಹೆಸರನ್ನು ಇನ್ನೊಮ್ಮೆ ಓದಿದಳು. ಆಮೇಲೆ ಕನ್ನಡಕ ಏರಿಸಿಕೊಂಡು, ಕೊನೆಯ ಹೆಸರಿನವರೆಗೂ ಓದಿ ಮುಗಿಸಿದಳು.

ಎಡವಟ್ಟಾದದ್ದು ಒಂದೇ. ಹೇಳಿಕೊಡಲು ನಿಂತಿದ್ದ ನನಗೆ ಸಾಲು ತಪ್ಪಿಹೋಗಿತ್ತು.