ಚಟ್ನಿಪುಡಿಗೆ ಕೆಂಪು ಗೆರೆ

ಶೇಂಗಾ ಚಟ್ನಿಪುಡಿಗೆ ಏನೇನು ಬೇಕು ಅಂತ ಹೊಳಲ್ಕೆರೆಯ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಹುರಿದ ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಚೂರು ಹುಣಸೆಹಣ್ಣು. ಇದಕ್ಕೆ ಗೆರೆ ಹಾಕಬೇಕು ಅಂತ ಹುಟ್ಟಿದಾಗಿನಿಂದ ಯಾರಾದರೂ ಕೇಳಿದ್ದುಂಟಾ? ದುರ್ಗದ ಸೂಪರ್ ಮಾರ್ಕೆಟ್ಟಿನ ಮ್ಯಾನೇಜರ್ ಕೇಳಿದ. ಅವತ್ತಿನಿಂದ ಓಬಳೇಶನ ಮೈ ಉರಿಯುತ್ತಲೇ ಇತ್ತು.

ಮೊದಲ ಸಲ ಓಬಳೇಶ ಅಲ್ಲಿಗೆ ಹೋಗಿದ್ದು ಮನೆಯ ಹಳೇ ಸ್ಟೀಲ್ ಡಬ್ಬ ಹಿಡಿದುಕೊಂಡು. ಅವರವ್ವ ದುರುಗಕ್ಕ ಕುಟ್ಟಿದ ಪುಡಿ ಅದರ ತುಂಬ ಇತ್ತು. ಮ್ಯಾನೇಜರ್ ಎಂಬ ಪುಣ್ಯಾತ್ಮ ಮುಚ್ಚಳ ಸಹ ತೆಗೆದು ನೋಡಲಿಲ್ಲ. ಲೂಸ್ ಮಾಲು ನಮ್ಮಲ್ಲಿ ನಡೆಯಲ್ಲ, ಪ್ಯಾಕೆಟ್ ಬೇಕು, ಪ್ಯಾಕೆಟ್ ಮೇಲೆ ಬಾರ್‌ಕೋಡ್ ಬೇಕು, ಗೆರೆ ಇಲ್ಲದಿದ್ದರೆ ಬಿಲ್ಲೇ ಆಗಲ್ಲ ಅಂದು ಕಳಿಸಿಬಿಟ್ಟ. ರುಚಿ ಹೆಂಗಿದೆ ಅಂತ ಒಂದು ಮಾತು ಕೇಳಬಾರದಾ? ಅದೂ ಇಲ್ಲ.

ಸರಿ, ಪ್ಯಾಕೆಟ್ ಮಾಡಿಸಿದ. ಮುಂದುಗಡೆ ತಲೆತುಂಬ ಸೆರಗು ಹೊದ್ದು ನಗುತ್ತಿರುವ ದುರುಗಕ್ಕನ ಫೋಟೊ, ಕೆಳಗೆ ಅವಳದೇ ಹೆಸರು. ಇದು ತಾಳ್ಯದಲ್ಲಿದ್ದ ಅವಳ ತಂಗಿ ಕೆಂಚಕ್ಕನ ಕಿವಿಗೆ ಬಿತ್ತು. ನಿನ್ನ ಮುಖ ನೋಡಿ ದುರ್ಗದೋರು ದುಡ್ಡು ಬಿಚ್ಚುತಾರಾ ಅಂತ ಕೆಂಚಕ್ಕ ಫೋನಿನಲ್ಲೇ ನಕ್ಕಳು. ದುರುಗಕ್ಕನಿಗೆ ರೋಷ ಉಕ್ಕಿ, ಶುಕ್ರವಾರ ಬಾ, ಅಂಗಡಿಗೇ ಕರ್ಕೊಂಡು ಹೋಗಿ ತೋರಿಸ್ತೀನಿ ಅಂತ ಮಾತು ಕೊಟ್ಟುಬಿಟ್ಟಳು. ಸೂಪರ್ ಮಾರ್ಕೆಟ್ಟಿನವರು ಹೊಸ ಮಾಲು ಇಳಿಸಿಕೊಳ್ಳುವುದು ಗುರುವಾರ ಮಾತ್ರ. ಇವತ್ತೇ ಆ ಗುರುವಾರ, ಪ್ಯಾಕೆಟ್ಟಿನ ಮೇಲೆ ಇನ್ನೂ ಗೆರೆಯೇ ಇಲ್ಲ.

ಓಬಳೇಶ ಕೈಕಟ್ಟಿ ಕೂತಿದ್ದನೆಂದಲ್ಲ. ಗೆರೆಗೆ ನಂಬರ್ ಕೊಡುವ ದೊಡ್ಡ ಸಂಸ್ಥೆಯನ್ನು ವಿಚಾರಿಸಿದ್ದ. ಸೇರಲಿಕ್ಕೆ ಹಟ್ಟಿಯ ಎರಡು ಕುರಿ ಮಾರಬೇಕು, ಆಮೇಲೆ ವರ್ಷವರ್ಷ ಒಂದೊಂದು ಕುರಿ ಮಾರುತ್ತ ಹೋಗಬೇಕು, ಅಷ್ಟು ಫೀಸು. ನಾಲ್ಕು ಗೆರೆಗೆ ಇಷ್ಟು ಕೇಳುತಾರಲ್ಲ, ಇವರೇನು ಬಂಗಾರದ ಮಸಿಯಲ್ಲಿ ಎಳೀತಾರಾ ಅಂತ ಓಬಳೇಶ ಬೀದಿಯಲ್ಲಿ ನಿಂತು ಬೈದ. ಬೈದಿದ್ದು ಕೇಳಿ ಪಕ್ಕದ ಕಂಪ್ಯೂಟರ್ ಅಂಗಡಿಯ ಮಾರುತೇಶ ಹೊರಗೆ ಬಂದ. ಬಿಸ್ಕತ್ ಪ್ಯಾಕೆಟ್ಟಿನ ಗೆರೆಯನ್ನೇ ಕಾಪಿ ಹೊಡೆದು ಬಿಟ್ಟಿ ಕೊಡ್ತೀನಿ ಅಂದ. ನಮ್ಮವ್ವನ ಮುಖಕ್ಕೆ ಬಿಸ್ಕತ್ತಿನ ಬಿಲ್ ಬೀಳಬೇಕೇನಲೇ ಅಂತ ಓಬಳೇಶ ಗದರಿಸಿದ ಮೇಲೆ, ಹಿರಿಯೂರಿನ ಪರಮೇಶ್ ಅನ್ನುವವನ ಹತ್ತಿರ ಬಿಡಿ ನಂಬರ್ ಸಿಗುತ್ತೆ, ಒಂದು ಕೋಳಿ ರೇಟಿಗೆ ಕೊಡ್ತಾನೆ ಅಂತ ಬಾಯಿಬಿಟ್ಟ.

ಗುರುವಾರ ಬೆಳಿಗ್ಗೆ ಪರಮೇಶ ಕಳಿಸಿದ ಗೆರೆಯ ನಂಬರ್ ಮಾರುತೇಶನ ವಾಟ್ಸಾಪಿಗೆ ಬಂತು. ಕಂಪ್ಯೂಟರ್ ತೆರೆಯ ಮೇಲೆ ಕರೀ ಗೆರೆಗಳು ಸಾಲಾಗಿ ನಿಂತವು. ಪ್ರಿಂಟ್ ಒತ್ತಬೇಕು, ಅಷ್ಟರಲ್ಲಿ ದಿನಾ ಅಲ್ಲಿಗೆ ಪೇಪರ್ ಓದಲು ಬರುವ ಎದುರುಮನೆ ಕಾಟಲಿಂಗಪ್ಪ ಕನ್ನಡಕ ಏರಿಸಿದ. ಈ ಮನುಷ್ಯನಿಗೆ ಅವತ್ತಿನ ಪೇಪರ್ ಓದಿ ಮುಗಿದಿರಬಾರದಿತ್ತು.

"ಏನಪ್ಪ ಓಬಳೇಶಿ, ಮೊದಲ್ನೇ ಯಾಪಾರಕ್ಕೆ ಕರಿ ಅಚ್ಚು ಹಾಕಿಸ್ತೀಯಾ? ತಿಥಿ ಪತ್ರಿಕೆಗಲ್ವೇನೋ ಕರಿ ಅಚ್ಚು?"

ಈ ಮಾತು ಬಾಗಿಲಲ್ಲಿ ನಿಂತಿದ್ದ ದುರುಗಕ್ಕನ ಎದೆಗೇ ನಾಟಿತು. ತನ್ನ ಫೋಟೊ ಪಕ್ಕ ತಿಥಿ ಪತ್ರಿಕೆಯ ಬಣ್ಣವೇ? ಬದುಕಿದ್ದಂಗೇ ನನಗೆ ತಿಥಿ ಮಾಡ್ತೀಯಾ, ಮದುವೆ ಪತ್ರಿಕೆ ಹಂಗೆ ಕುಂಕುಮದ ಕೆಂಪಲ್ಲಿ ಹಾಕ್ಸು, ಇಲ್ಲಾಂದ್ರೆ ಒಂದು ಪ್ಯಾಕೆಟ್ಟೂ ಹೊಸ್ತಿಲು ದಾಟಲ್ಲ ಅಂತ ಅಲ್ಲೇ ಕೂತುಬಿಟ್ಟಳು. ಮಾರುತೇಶ ಕೆಂಪು ಮಾಡಿ ತೆಗೆದ, ಮೊಬೈಲ್ ಹಿಡಿದು ನೋಡಿದ, ನಂಬರ್ ಸರಿಯಾಗಿ ಬಂತು. ಮೊಬೈಲೇ ಓದಿದ ಮೇಲೆ ಅಂಗಡಿ ಮಿಷಿನ್ನಿಗೇನು ಕಷ್ಟ ಅಂತ ಎಲ್ಲರೂ ಸೇರಿ ಅಂಟಿಸಿದರು. ದುರುಗಕ್ಕ ಮೊದಲ ಪ್ಯಾಕೆಟ್ಟನ್ನು ಕಣ್ಣಿಗೊತ್ತಿಕೊಂಡಳು. ಓಬಳೇಶ ಎರಡು ರಟ್ಟಿನ ಪೆಟ್ಟಿಗೆ ಹೊತ್ತು ದುರ್ಗದ ಬಸ್ಸು ಹತ್ತಿದ.

ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವ ಹುಡುಗಿ ರಂಜಿತಾ ಪ್ಯಾಕೆಟ್ಟನ್ನು ಮಿಷಿನ್ನಿಗೆ ತೋರಿಸಿದಳು. ಮಿಷಿನ್ ಕಮಕ್ ಕಿಮಕ್ ಅನ್ನಲಿಲ್ಲ. ತಿರುಗಿಸಿ ತೋರಿಸಿದಳು, ಸೆರಗಿನಿಂದ ಒರೆಸಿ ತೋರಿಸಿದಳು. ಹಿಂದೆ ಸೋಪು ಹಿಡಿದು ನಿಂತಿದ್ದ ಗಿರಾಕಿಯೊಬ್ಬ ಬೇಗ ಬಿಡಪ್ಪಾ ಅಂತ ಗೊಣಗಿದ. ಅವನ ಸೋಪು ಮಾತ್ರ ಒಂದೇ ಸಲಕ್ಕೆ ಟಿಂಯ್ ಅಂದಿತು. ಎರಡು ಕುರಿ ಕೊಟ್ಟ ಕಂಪನಿಯ ಸೋಪಿರಬೇಕು ಅಂತ ಓಬಳೇಶನಿಗೆ ಹೊಟ್ಟೆ ಉರಿಯಿತು.

ಮ್ಯಾನೇಜರ್ ಬಂದು ಒಂದೇ ನೋಟ ನೋಡಿ ನಕ್ಕ. "ಕೆಂಪಲ್ಲಿ ಯಾರ್ರಿ ಹಾಕಿಸಿದ್ದು? ಈ ಮಿಷಿನ್ ಬೆಳಕೇ ಕೆಂಪು. ಕೆಂಪು ಗೆರೆ ಇದರ ಕಣ್ಣಿಗೆ ಬೀಳಲ್ಲ, ಖಾಲಿ ಕಾಗದ ಅನ್ಕಂತೈತೆ. ಕರೀದು ಹಾಕಿಸ್ಕೊಂಡು ಮುಂದಿನ ಗುರುವಾರ ಬರ್ರಿ."

ಮುಂದಿನ ಗುರುವಾರ ಬರಲಿಕ್ಕೆ ನಾಳೆ ಕೆಂಚಕ್ಕ ಬಿಡಬೇಕಲ್ಲ. ಅಂಗಡಿ ಬಾಗಿಲು ಹಾಕುವವರೆಗೆ ಟೈಮ್ ಕೊಡ್ರಿ ಅಂತ ಓಬಳೇಶ ಗೋಗರೆದು ಹೊರಗೆ ಓಡಿದ. ಕಾಟಲಿಂಗಪ್ಪನ ಕನ್ನಡಕಕ್ಕೆ, ಪೇಪರಿಗೆ, ಆ ಪೇಪರ್ ಹಾಕುವವನಿಗೆ ಎಲ್ಲರಿಗೂ ದಾರಿಯುದ್ದಕ್ಕೂ ಶಾಪ ಹಾಕಿದ. ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದು ಹಾಳೆ ಕೆಂಪು ಸ್ಟಿಕರ್ರನ್ನು ಜೆರಾಕ್ಸ್ ಅಂಗಡಿಯಲ್ಲಿ ಕೊಟ್ಟರೆ, ಮಿಷಿನ್ನಿನಿಂದ ಕರ್‍ರಗೆ ಕಾಗೆಯಂತೆ ಇಳಿದು ಬಂತು. ಬೆಳಿಗ್ಗೆಯೇ ಹಿಂಗೆ ಬಂದಿದ್ದರೆ ಇದರ ಗಂಟೇನು ಹೋಗುತ್ತಿತ್ತು? ಸ್ಟಿಕರ್ ಹಾಳೆಯ ಮೇಲೆ ಬೇಕಾದಷ್ಟು ತೆಗೆಸಿಕೊಂಡು ಬಂದು ಸೂಪರ್ ಮಾರ್ಕೆಟ್ಟಿನ ಮೆಟ್ಟಿಲ ಮೇಲೆ ಕೂತ. ಕೆಂಪು ಸ್ಟಿಕರ್ ಕೀಳಲು ಹೋದರೆ ಪ್ಯಾಕೆಟ್ಟೇ ಹರಿಯಿತು. ಅದರ ಮೇಲೇ ಕರೀದು ಅಂಟಿಸುತ್ತ ಹೋದ. ಓಡಾಡುವ ಜನ ಬಗ್ಗಿ ಬಗ್ಗಿ ನೋಡಿದರು, ಏನು ಅಂತ ಕೇಳಿದರು, ಒಬ್ಬರೂ ಒಂದು ಸ್ಟಿಕರ್ ಅಂಟಿಸಿಕೊಡಲಿಲ್ಲ.

ಸಂಜೆ ರಂಜಿತಾ ಕಂಪ್ಯೂಟರಿಗೆ ನಂಬರ್, ಹೆಸರು ಸೇರಿಸಿ ಪ್ಯಾಕೆಟ್ ಹಿಡಿದಳು. ಟಿಂಯ್. ತೆರೆಯ ಮೇಲೆ ದುರುಗಕ್ಕನ ಹೆಸರು ಮೂಡಿತು. ಓಬಳೇಶನ ಕಣ್ಣು ಒದ್ದೆಯಾಯಿತು, ಅದನ್ನು ಮುಚ್ಚಿಕೊಳ್ಳಲಿಕ್ಕೂ ಹೋಗಲಿಲ್ಲ.

ಅದೇ ಹೊತ್ತಿಗೆ ಅಂಗಡಿಯ ಮಾಲೀಕರು ಕಾರಿಳಿದು ಬಂದರು. ಪ್ಯಾಕೆಟ್ ಎತ್ತಿ, ಗೆರೆಯ ಮೇಲೆ ಉಗುರು ಆಡಿಸಿದರು. ಕರೀದರ ಕೆಳಗಿನಿಂದ ಕೆಂಪು ಇಣುಕಿತು.

"ಸ್ಟಿಕರ್ ಮೇಲೆ ಸ್ಟಿಕರ್ ಹಾಕಿದೀರಲ್ರಿ. ಡೇಟ್ ತಿದ್ದಿದ ಹಳೇ ಮಾಲು ಅಂತಾರೆ ಗಿರಾಕಿಗಳು. ಇದು ಶೆಲ್ಫಿಗೆ ಬ್ಯಾಡ."

ಓಬಳೇಶ ತಡೆಯಲಾರದೆ ಬಾಯಿಗೆ ಬಂದಂತೆ ಕೂಗಾಡಿಬಿಟ್ಟ. ಗೆರೆ ಇಲ್ಲ ಅಂದ್ರಿ, ಗೆರೆ ಹಾಕಿಸ್ಕೊಂಡು ಬಂದೆ, ಕೆಂಪಾಯ್ತು ಅಂದ್ರಿ, ಕರೀದು ಮಾಡಿದೆ, ಪುಡಿ ಹೆಂಗಿದೆ ಅಂತ ಒಬ್ಬರಾದ್ರೂ ನಾಲಿಗೆಗೆ ಹಚ್ಚಿದ್ರಾ ಅಂತ ಹರಿದ ಪ್ಯಾಕೆಟ್ಟನ್ನು ಮಾಲೀಕರ ಮುಂದೆಯೇ ಹಿಡಿದ. ಮಾಲೀಕರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಇನ್ನೊಂದು ಚಿಟಿಕೆ ಹಾಕಿಕೊಂಡರು. ಆಮೇಲೆ ಹಿಡಿ ತುಂಬ ತಗೊಂಡರು.

"ಪುಡಿ ಭಾಳ ಚೆನ್ನಾಗೈತೆ. ಪ್ಯಾಕೆಟ್ಟಲ್ಲಿ ಯಾಕೆ ತಂದ್ರಿ? ಈಗ ಜನ ಲೂಸೇ ಕೇಳೋದು, ಮನೇದು ಅನ್ಸುತ್ತೆ. ನಾಳೆ ಬಾಗಿಲ ಹತ್ರ ಲೂಸ್ ಕೌಂಟರ್ ಶುರು ಮಾಡ್ತಿದೀವಿ, ಅಲ್ಲಿಡಾಣ. ಗೆರೆ ಗಿರೆ ಏನೂ ಬ್ಯಾಡ, ತೂಕದ ಮಿಷಿನ್ನೇ ನಮ್ಮಂಗಡಿ ಹೆಸರಿನ ಸ್ಟಿಕರ್ ಕೊಡ್ತೈತೆ. ಇವತ್ತು ಒಂದು ಟಬ್ಬಿಗೆ ಸುರೀರಿ. ನಾಳೆ ಮನೆಯಿಂದ ಸ್ಟೀಲ್ ಡಬ್ಬ ತಂದಿಡ್ರಿ, ಹಳೇದಾದ್ರೆ ಇನ್ನೂ ಚೆಂದ."

ಓಬಳೇಶ ಮ್ಯಾನೇಜರ್ ಕಡೆ ನೋಡಿದ. ಮ್ಯಾನೇಜರ್ ಫ್ಯಾನಿನ ಕಡೆ ನೋಡುತ್ತಿದ್ದ.

ಬೇಡ ಅಂದರೆ ಪೆಟ್ಟಿಗೆ ಹೊತ್ತು ವಾಪಸ್ ಹೋಗಬೇಕು. ರಂಜಿತಾ ಕತ್ತರಿ ತಂದು ಮೊದಲ ಪ್ಯಾಕೆಟ್ಟಿಗೆ ಹಾಕಿದಳು. "ಮೇಲ್ಗಡೆ ಕತ್ತರಿಸಮ್ಮ, ಮುಖಕ್ಕೆ ತಾಗದಂಗೆ" ಅಂದ ಓಬಳೇಶ. ಪುಡಿ ಟಬ್ಬಿಗೆ ಬಿದ್ದಂತೆಲ್ಲ ದುರುಗಕ್ಕ ಸುಕ್ಕುಗಟ್ಟಿ ನಗುತ್ತ ಅವನ ಕಾಲ ಬುಡದಲ್ಲಿ ರಾಶಿ ಬಿದ್ದಳು.

ಕೊನೆಯ ಪ್ಯಾಕೆಟ್ ಕತ್ತರಿಸುವಾಗ ಫೋನ್ ಬಂತು. ಕೆಂಚಕ್ಕ ಇವತ್ತೇ ಬಂದು ಕುಂತವ್ಳೆ, ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಡ್ತೀವಿ ಅಂತ ದುರುಗಕ್ಕ ಒಂದೇ ಉಸಿರಿಗೆ ಹೇಳಿದಳು. ಹಿಂದಿನಿಂದ ಕೆಂಚಕ್ಕ ನಗುವುದೂ ಕೇಳಿಸಿತು.

"ಲೇ, ನನ್ನ ಎಲ್ಲಿ ಇಟ್ಟವ್ರೆ?"

"ಬಾಗಿಲ ಹತ್ರಾನೆ ಜಾಗ ಕೊಟ್ಟವ್ರೆ ಕಣವ್ವ," ಅಂದ ಓಬಳೇಶ. "ಬರೋವಾಗ ಆ ಡಬ್ಬ ತಗಂಬಾ."

"ಯಾವ ಡಬ್ಬನೋ?"

"ಅವತ್ತು ಮುಚ್ಚಳಾನೂ ತೆಗೀದಂಗೆ ವಾಪಸ್ ಕಳಿಸಿದ್ರಲ್ಲ, ಅದೇ."