ಆಂಗ್ ಮೋ ಕಿಯೋದಲ್ಲಿ ಸೇರಿದ ಮೈಸೂರು ಸಭೆ

ನಾಲ್ಕು ಜನ ಕನ್ನಡದವರು ಸೇರಿ ನಾಟಕ ಆಡೋಣ ಅಂದರೆ, ಆಡುವ ದಿನದವರೆಗೆ ನಡೆಯೋದೇ ನಿಜವಾದ ನಾಟಕ. ಗೊತ್ತಿದ್ದೂ ಈ ದಸರಾಕ್ಕೆ ನಾನೇ ಒಂದು ಬರೆದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ, ದಸರಾ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆಯ ಕಥೆ. ದಿವಾನರು ವರದಿ ಓದುತ್ತಾರೆ, ತಾಲ್ಲೂಕುಗಳಿಂದ ಬಂದ ಸದಸ್ಯರು ಕೆರೆ, ರಸ್ತೆ ಅಂತ ಅಹವಾಲು ಹೇಳುತ್ತಾರೆ, ದಿವಾನರು "ಪರಿಶೀಲಿಸಲಾಗುವುದು" ಅನ್ನುತ್ತಾರೆ. ಅಷ್ಟೇ. ಸಿಂಗಪುರದ ಸೆಲೆಟಾರ್ ವಿಮಾನ ನಿಲ್ದಾಣದ ಬಳಿ ದಿನವಿಡೀ ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ನನಗೆ ಕಣ್ಣು ಮುಚ್ಚಿದರೆ ಸಾಕು, ಆ ಸಭೆ ಮಂಜಿನೊಳಗಿಂದ ಎದ್ದು ಬರುತ್ತಿತ್ತು.

ರುಮಾಲು

ರಿಹರ್ಸಲ್ ಆಂಗ್ ಮೋ ಕಿಯೋ ಬಡಾವಣೆಯ ನಮ್ಮ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಅಂದರೆ ಕಟ್ಟಡದ ಕೆಳಗಿನ ಗೋಡೆಯಿಲ್ಲದ ಖಾಲಿ ಜಾಗದಲ್ಲಿ, ಭಾನುವಾರ ಮಧ್ಯಾಹ್ನ. ಮೊದಲ ಸಲ ಒಂಬತ್ತು ಜನ ಜರಿ ರುಮಾಲು ಸುತ್ತಿ ಕೂತೆವು. ಕಂಬಗಳ ನಡುವೆ ತಂಪು ಗಾಳಿ, ಅರೆಬಿಸಿಲು. ನನಗೆ ಅರ್ಧ ನಿದ್ದೆ, ಅರ್ಧ ಮೈಸೂರು. ಅಷ್ಟರಲ್ಲಿ ಮೂರನೇ ಮಹಡಿಯ ಚೀನೀ ಆಂಟಿ ತರಕಾರಿ ಚೀಲ ಹಿಡಿದು ನಿಂತರು. "ಮದುವೆಯಾ?" ಅಂತ ಇಂಗ್ಲಿಷಿನಲ್ಲಿ ಕೇಳಿದರು.

"ಅಲ್ಲ ಆಂಟಿ, ಹಳೇ ಕಾಲದ ಸಭೆ," ಅಂದೆ.

ಅವರು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಎಣಿಸಿ, ಕನಿಕರದಿಂದ ತಲೆಯಾಡಿಸಿದರು. "ಒಂಬತ್ತು ಗಂಡುಗಳು. ಹೆಣ್ಣು ಒಬ್ಬಳೂ ಬರಲಿಲ್ಲವಾ?"

ಗಡಿ

ಒನ್-ನಾರ್ತ್ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ಗೆಳೆಯ ಎಲ್ಲರಿಗಿಂತ ಮೊದಲು ಡೈಲಾಗ್ ಬಾಯಿಪಾಠ ಮಾಡಿದ್ದ. ದಿವಾನರ ಪಾತ್ರದ ಬ್ಯಾಂಕರ್ ಅಂಕಲ್ ಮೈಸೂರಿನವರು, ಚರಿತ್ರೆಯಲ್ಲಿ ಬಲು ಕಟ್ಟುನಿಟ್ಟು. "ಆಗ ನಿಮ್ಮ ಹುಬ್ಬಳ್ಳಿ ಮುಂಬೈ ಪ್ರಾಂತ್ಯದಲ್ಲಿತ್ತು ಕಣಪ್ಪ. ನೀನು ಹೇಗೆ ನಮ್ಮ ಸಭೆಗೆ ಬರ್ತೀಯ?" ಅಂದುಬಿಟ್ಟರು.

ನಮ್ಮೆದುರು ಯಾವಾಗಲೂ ಬೆಂಗಳೂರು ಕನ್ನಡ ಆಡುವ ಅವನಿಗೆ ಸಿಟ್ಟಿನಲ್ಲಿ ಊರಿನ ಮಾತೇ ಬಂತು. "ಸಿಂಗಪುರಕ್ಕ ಬರಾಕ ವೀಸಾ ಸಿಕ್ಕೈತ್ರಿ, ಮೈಸೂರಿಗೆ ಸಿಗಂಗಿಲ್ಲೇನು?"

ದಿವಾನರು ಆವತ್ತೇ ಅವನನ್ನು ತುಮಕೂರಿನ ಸದಸ್ಯನನ್ನಾಗಿ ಮಾಡಿದರು.

ವರದಿ

ಅದೇ ದಿವಾನರಿಗೆ ಎರಡು ಪುಟದ ವರದಿ ಓದುವುದಿತ್ತು. ಗಂಭೀರ ದನಿ. "ಈ ಸಾಲಿನಲ್ಲಿ ಮಳೆ ಬೆಳೆ ಸಮೃದ್ಧವಾಗಿದ್ದು…" ನಾವೆಲ್ಲ ಆ ಕಾಲಕ್ಕೇ ತೇಲಿಹೋಗಿದ್ದೆವು. ಅವರೂ ತೇಲಿರಬೇಕು, ಆದರೆ ತಮ್ಮ ಆಫೀಸಿನ ಕಡೆಗೆ. ಪುಟ ಮುಗಿದದ್ದೇ ತಲೆ ಎತ್ತದೆ ಅಂದರು: "ನೆಕ್ಸ್ಟ್ ಸ್ಲೈಡ್ ಪ್ಲೀಸ್."

ಕೆರೆ

ನಾಟಕಕ್ಕೆ ಹದಿನೈದು ದಿನ ಇರುವಾಗ ಒಬ್ಬ ಸದಸ್ಯ ಆಫೀಸ್ ಟೂರಿಗೆ ಹೋದ. ಬೇರೆ ಯಾರೂ ಸಿಗದೆ, ಹತ್ತು ವರ್ಷದ ನನ್ನ ಮಗಳಿಗೆ ಮೀಸೆ ಅಂಟಿಸಿದೆ. ಇವಳು ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಬೈದೂ ಆಗಿತ್ತು, ಬೇಡಿಯೂ ಆಗಿತ್ತು. ಒಳಗೊಳಗೇ ಅದೊಂದು ನೋವು ನನಗೆ. ಇರಲಿ, ಒಂದೇ ಸಾಲು ತಾನೆ ಅಂದುಕೊಂಡೆ.

ನಾಟಕದ ದಿನ ಅವಳ ಸರದಿ ಬಂತು. "ಸ್ವಾಮಿ, ನಮ್ಮೂರ ಕೆರೆ ಏರಿ ಒಡೆದಿದೆ."

"ಪರಿಶೀಲಿಸಲಾಗುವುದು," ಅಂದರು ದಿವಾನರು.

ಅವಳು ಕೂರಬೇಕಿತ್ತು. ಕೂರಲಿಲ್ಲ. "ಯಾವಾಗ?"

ಸ್ಕ್ರಿಪ್ಟಿನಲ್ಲಿ ಇಲ್ಲದ ಪ್ರಶ್ನೆ. ದಿವಾನರು ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. "ಮುಂದಿನ… ದಸರಾ ಹೊತ್ತಿಗೆ."

"ಅಷ್ಟರಲ್ಲಿ ನೀರೆಲ್ಲ ಹೋಗತ್ತೆ ಲಾ! ಮೀನು ಏನು ಮಾಡ್ಬೇಕು?"

ಸಭಾಂಗಣ ಗೊಳ್ಳೆಂದಿತು. ನನಗೆ ನಗು ಬರಲಿಲ್ಲ, ಕಣ್ಣು ಮಂಜಾಯಿತು. ಸಿಂಗಪುರದ 'ಲಾ' ಸೇರಿಸಿಕೊಂಡೇ ಆದರೂ, ಹತ್ತು ವರ್ಷದಲ್ಲಿ ಮೊದಲ ಬಾರಿ ಮಗಳು ಕನ್ನಡದಲ್ಲಿ ಜಗಳ ಆಡುತ್ತಿದ್ದಳು, ಅದೂ ದಿವಾನರ ಜೊತೆ. ಅವರು ಬೆವರು ಒರೆಸಿಕೊಂಡು "ಮಂಜೂರು! ಮಂಜೂರು!" ಅಂತ ಕೂಗಿ ಸಭೆ ಮುಗಿಸಿಯೇಬಿಟ್ಟರು. ಉಳಿದ ಆರು ಜನರ ಅಹವಾಲು ಹಾಗೇ ಉಳಿಯಿತು.

ವಾಪಸ್ ಬರುವಾಗ ಎಂಆರ್‌ಟಿ ರೈಲಿನಲ್ಲಿ ಅವಳಿಗೆ ಮೀಸೆ ತೆಗೆಯಲು ಮನಸ್ಸಿಲ್ಲ. ಕಿಟಕಿಯಾಚೆ ಹೊಂಬಿಸಿಲು ಓಡುತ್ತಿತ್ತು.

"ಅಪ್ಪಾ, ಆ ಕೆರೆ ಎಲ್ಲಿದೆ?"

"ಎಲ್ಲೂ ಇಲ್ಲ ಪುಟ್ಟಿ. ನಾನೇ ಬರೆದದ್ದು."

ಅವಳು ಮೀಸೆ ತಿರುವಿದಳು.

"ಹಾಗಾದ್ರೆ ಅದನ್ನ ಒಡೆದಿದ್ದು ನೀನೇನಾ?"