ಜಪಾನಿನವನ ಹೆಸರಿನಲ್ಲಿ ಒಂದು ಗೊನೆ ಸೀಯಾಳ

ನಲವತ್ತೈದು ದಾಟಿದ ಗಂಡಸರಿಗೆಲ್ಲ ಏನಾದರೊಂದು ಹುಚ್ಚು ಅಂಟಿಕೊಳ್ಳುತ್ತದೆ ಎಂಬುದು ನನ್ನ ಹೆಂಡತಿ ಸುಜಾತಳ ಅಭಿಪ್ರಾಯ. ಕೆಲವರು ಬೆಳಗ್ಗೆ ಎದ್ದು ಓಡುತ್ತಾರೆ, ಕೆಲವರು ಬಾಲ್ಕನಿಯಲ್ಲಿ ಬಸಳೆ ಬೆಳೆಸಿ ಅದರ ಫೋಟೋವನ್ನು ಕಂಡಕಂಡವರಿಗೆಲ್ಲ ಕಳಿಸುತ್ತಾರೆ. ಬಹರೈನಿನ ಜಿಂಜ್ ಬಡಾವಣೆಯ ನಮ್ಮ ಕಟ್ಟಡದಲ್ಲೇ ಒಬ್ಬರು ಈ ವಯಸ್ಸಿನಲ್ಲಿ ಕೊಳಲು ಕಲಿಯುತ್ತಿದ್ದಾರೆ. ಅವರ ಸಾಧನೆಯನ್ನು ಮೇಲಿನ ಕೆಳಗಿನ ಮನೆಯವರೆಲ್ಲ ಒಟ್ಟಾಗಿ ಅನುಭವಿಸುತ್ತೇವೆ. ನನಗೆ ಹಿಡಿದದ್ದು ಇದ್ಯಾವುದೂ ಅಲ್ಲ. ಅಮೆರಿಕದ ಊರೂರು ಸುತ್ತಿ ಗೂಳಿ ಸವಾರಿ ಮಾಡುವ ಒಬ್ಬ ಜಪಾನಿನವನ ಹುಚ್ಚು ನನಗೆ ಹಿಡಿಯಿತು. ಬಹರೈನಿನಲ್ಲಿ ಕೂತ ಕರಾವಳಿಯವನಿಗೆ ಇದು ಹೇಗೆ ಬಂತು ಎಂದು ಕೇಳಿದರೆ ಹೇಳುವುದು ಕಷ್ಟ. ಟಿವಿಯಲ್ಲಿ ಏನನ್ನೋ ಹುಡುಕುತ್ತಿದ್ದೆ, ಇವನು ಗೂಳಿಯ ಬೆನ್ನಿನಿಂದ ಹಾರಿ ಮಣ್ಣಿಗೆ ಬಿದ್ದ, ಎದ್ದು ಟೋಪಿ ಹುಡುಕಿದ. ಆ ಟೋಪಿ ಹುಡುಕುವ ರೀತಿ ನೋಡಿ ನನಗೆ ಪಾಪ ಅನ್ನಿಸಿತು.

ಆಟ ಸರಳ. ಇಕ್ಕಟ್ಟಾದ ಕಬ್ಬಿಣದ ಗೂಡಿನಲ್ಲಿ ಗೂಳಿಯನ್ನು ನಿಲ್ಲಿಸಿರುತ್ತಾರೆ. ಸವಾರ ಮೇಲಿನಿಂದ ಇಳಿದು ಅದರ ಬೆನ್ನ ಮೇಲೆ ಕೂರುತ್ತಾನೆ, ಒಂದು ಕೈಯಲ್ಲಿ ಹಗ್ಗ ಬಿಗಿಯಾಗಿ ಹಿಡಿಯುತ್ತಾನೆ. ಅವನಾಗಿ ತಲೆ ಆಡಿಸಿದರೆ ಮಾತ್ರ ಗೇಟು ತೆರೆಯುತ್ತಾರೆ. ಅಲ್ಲಿಯವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ. ಆಮೇಲೆ ಎಂಟು ಸೆಕೆಂಡು ಬೀಳದೆ ಕೂತರೆ ಅಂಕ, ಬಿದ್ದರೆ ಸೊನ್ನೆ. ನಮ್ಮವನು (ಎರಡನೇ ವಾರಕ್ಕೇ ಅವನು ನಮ್ಮವನಾಗಿದ್ದ) ಸಾಧಾರಣವಾಗಿ ಬೀಳುತ್ತಿದ್ದ. ಒಂದು ಸಂದರ್ಶನದಲ್ಲಿ ಹೇಳಿಕೊಂಡ, ಅವನ ಊರಿನಲ್ಲಿ ಈ ಆಟ ಆಡುವವರೇ ಇಲ್ಲವಂತೆ. ಅಂಗಳದಲ್ಲಿ ಹಗ್ಗಗಳಿಗೆ ಡ್ರಮ್ ತೂಗುಹಾಕಿ, ಅದರ ಮೇಲೆ ಕೂತು, ಅಣ್ಣನ ಕೈಯಲ್ಲಿ ಅಲುಗಾಡಿಸಿಕೊಂಡು ಕಲಿತನಂತೆ. ಅಮೆರಿಕದಲ್ಲಿ ಊರಿನ ಯಾವುದರ ನೆನಪಾಗುತ್ತದೆ ಎಂದು ಕೇಳಿದ್ದಕ್ಕೆ ತುಸು ಯೋಚಿಸಿ, ಮನೆಯ ಅನ್ನ ಎಂದ. ನನ್ನ ಎದುರು ತಟ್ಟೆಯಲ್ಲಿ ಖುಬ್ಬೂಸ್ ರೊಟ್ಟಿ ಇತ್ತು. ನಾನು ಕಣ್ಣು ಒರೆಸಿಕೊಂಡದ್ದನ್ನು ಮಗಳು ಶ್ರಾವ್ಯ ನೋಡಿ ಅಮ್ಮನಿಗೆ ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದಳು.

ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಗೂಳಿಯಲ್ಲ, ಕೋಣ. ಕಾರ್ಕಳದ ಹತ್ತಿರ ನಮ್ಮ ಮನೆಯಲ್ಲಿ ಕಂಬಳದ ಕೋಣಗಳಿವೆ. ಮನೆ ಅಕ್ಕನದು, ಕೋಣಗಳ ಉಸಾಬರಿ ಭಾವನದು. ನಾನು ಬಹರೈನಿಗೆ ಬಂದ ವರ್ಷ ಕರುವಾಗಿ ಹಟ್ಟಿಗೆ ಬಂದವನು ಕುಟ್ಟಿ. ಅವನಿಗೆ ಎಣ್ಣೆ ತಿಕ್ಕಿದ್ದೇನೆ, ಬೇಯಿಸಿದ ಹುರುಳಿ ತಿನ್ನಿಸಿದ್ದೇನೆ, ಅವನಿಂದ ಒದೆಯನ್ನೂ ತಿಂದಿದ್ದೇನೆ. ಅವನು ಓಡಿದ್ದನ್ನು ಮಾತ್ರ ಒಮ್ಮೆಯೂ ನೋಡಿಲ್ಲ. ಯಾಕೆಂದರೆ ಗಲ್ಫಿನ ಸಂಸಾರಸ್ಥನ ರಜೆ ಅವನದಲ್ಲ, ಮಕ್ಕಳ ಶಾಲೆಯದು. ಇಲ್ಲಿ ಶಾಲೆಗೆ ದೊಡ್ಡ ರಜೆ ಸಿಗುವುದು ಸುಡುಬೇಸಿಗೆಯಲ್ಲಿ, ಆಗ ಊರಿನಲ್ಲಿ ಮಳೆಗಾಲ. ಕಂಬಳ ನಡೆಯುವುದು ಚಳಿಗಾಲದಲ್ಲಿ. ಹೀಗೆ ಹನ್ನೆರಡು ವರ್ಷಗಳಿಂದ ನನ್ನ ಪಾಲಿನ ಊರೆಂದರೆ ಒಣಗದ ಬಟ್ಟೆ, ಕೈಕೊಟ್ಟ ಕರೆಂಟು ಮತ್ತು ಹಟ್ಟಿಯಲ್ಲಿ ಮೆಲುಕು ಹಾಕುವ ಕುಟ್ಟಿ. ತಮಾಷೆಯೆಂದರೆ ನನ್ನ ಕೆಲಸ ಏಸಿಗಳ ಬಿಡಿಭಾಗ ಸರಬರಾಜು ಮಾಡುವುದು. ದೇಶಕ್ಕೆ ದೇಶವೇ ಬೆವರುವಾಗ ನಾನು ರಜೆ ಹಾಕಿ ಹೋಗುತ್ತೇನೆ, ಯಾರಿಗೂ ಏಸಿ ಬೇಡವಾದ ಡಿಸೆಂಬರಿನಲ್ಲಿ ಸಿತ್ರಾದ ಆಫೀಸಿನಲ್ಲಿ ನಿಷ್ಠೆಯಿಂದ ಕೂತು ಚಹಾ ಕುಡಿಯುತ್ತೇನೆ.

ಅಕ್ಟೋಬರಿನ ಒಂದು ವಾರ ಎರಡು ಸುದ್ದಿ ಒಟ್ಟಿಗೆ ಬಂದವು. ಅಕ್ಕ ಫೋನು ಮಾಡಿ, ಕುಟ್ಟಿಯ ಕಾಲು ಸೋಲುತ್ತಿದೆ, ಡಿಸೆಂಬರಿನ ಕಂಬಳವೇ ಅವನಿಗೆ ಕೊನೆಯದು ಎಂದಳು. "ಅವ ಓಡುವುದನ್ನು ನೀನು ಒಮ್ಮೆ ನೋಡಬೇಕಿತ್ತು ಮಾರಾಯ" ಎಂದು ಒಂದು ಮಾತು ಸೇರಿಸಿದಳು. ಅದೇ ವಾರ ಟಿವಿಯವರು, ನಮ್ಮ ಜಪಾನಿನವ ಈ ಸಲವೂ ಬಿದ್ದರೆ ಈ ವರ್ಷದ ಪಂದ್ಯಗಳಿಂದ ಹೊರಗೆ, ಗಂಟುಮೂಟೆ ಕಟ್ಟಿ ಊರಿಗೆ ಹೋಗುವುದೇ ಸೈ ಎಂದರು. ಊರಿನಲ್ಲಿಲ್ಲದ ಆಟಕ್ಕಾಗಿ ಊರು ಬಿಟ್ಟವನು ಅವನು. ಊರಿನಲ್ಲಿರುವ ಆಟವನ್ನು ಬಿಟ್ಟು ಬಂದವನು ನಾನು. ಇಬ್ಬರಲ್ಲಿ ಒಬ್ಬನಿಗಾದರೂ ಒಳ್ಳೆಯದಾಗಲಿ ಎಂದುಕೊಂಡೆ.

ಶನಿವಾರ ಬೆಳಗ್ಗೆ, ಸುಜಾತ ಒಲೆಯ ಮುಂದೆ ದೋಸೆ ಹುಯ್ಯುತ್ತಿದ್ದಾಗ, ಅವನು ಗೂಡಿಗೆ ಇಳಿದ. ನಾನು ಸೋಫಾದಿಂದ ಎದ್ದು ನಿಂತೆ. ಆಮೇಲೆ ನಡೆದದ್ದು ನಮ್ಮ ಕಡೆಯವರಿಗೆ ಮಾತ್ರ ಅರ್ಥವಾದೀತು. ನಮ್ಮಲ್ಲಿ ಕೋಣಕ್ಕೆ ಹೊಟ್ಟೆಯುಬ್ಬರವಾಗಲಿ, ಹುಡುಗನಿಗೆ ಪರೀಕ್ಷೆಯಾಗಲಿ, ಮೊದಲು ಬಾಯಿಗೆ ಬರುವುದು ಮನೆಯ ದೈವಕ್ಕೆ ಹರಕೆ. ಕೈಜೋಡಿಸಿ ಗಟ್ಟಿಯಾಗಿ ಹೇಳಿಬಿಟ್ಟೆ: "ಇವತ್ತು ಇವ ಬೀಳದಿದ್ದರೆ ಡಿಸೆಂಬರಿನಲ್ಲಿ ನಾನೇ ಖುದ್ದಾಗಿ ಬಂದು ಒಂದು ಗೊನೆ ಸೀಯಾಳ ಒಪ್ಪಿಸ್ತೇನೆ."

ಸುಜಾತ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಅವಳು ಮೈಸೂರಿನವಳು, ದೈವಗಳ ವಿಷಯದಲ್ಲಿ ಭಯಭಕ್ತಿ ಇದ್ದರೂ ನನ್ನ ವಿಷಯದಲ್ಲಿ ಎರಡೂ ಇಲ್ಲ. "ಹರಕೇಲಿ ತಿಂಗಳು ಯಾರ್ರೀ ಹೇಳ್ತಾರೆ?" ಎಂದಳು. ಅಷ್ಟರಲ್ಲಿ ಶ್ರಾವ್ಯ, ಇದು ನಿನ್ನೆಯ ಪಂದ್ಯದ ರೆಕಾರ್ಡಿಂಗ್, ಬೀಳುವುದು ಬೀಳದಿರುವುದು ಎಲ್ಲ ಆಗಲೇ ಮುಗಿದಿದೆ ಎಂದು ನೆನಪಿಸಿದಳು. ಮುಗಿದುಹೋದದ್ದಕ್ಕೆ ಹರಕೆ ಹೇಳಿದವನು ನಮ್ಮ ವಂಶದಲ್ಲಿ ನಾನೇ ಮೊದಲಿಗನಿರಬೇಕು. ಆದರೆ ವಾದ ಮಾಡಲು ಪುರುಸೊತ್ತಿರಲಿಲ್ಲ. ಅವನು ತಲೆ ಆಡಿಸಿದ, ಗೇಟು ತೆರೆಯಿತು. ಗೂಳಿ ಎಡಕ್ಕೆ ಸುತ್ತಿತು, ಹಿಂಗಾಲು ಎತ್ತಿ ಝಾಡಿಸಿತು, ಮತ್ತೆ ಬಲಕ್ಕೆ ತಿರುಗಿತು. ಬಝರ್ ಕೇಳಿದಾಗ ಅವನಿನ್ನೂ ಮೇಲಿದ್ದ. ನಾನು ಕುಣಿದೆ. ಒಲೆಯ ಮೇಲಿನ ದೋಸೆ ಕರಟಿತು.

ಆ ಸಂಜೆಯೇ ಅಕ್ಕನಿಗೆ ಫೋನು ಮಾಡಿ, ಹೀಗೊಂದು ಹರಕೆ ಬಾಯಿಂದ ಬಂದುಬಿಟ್ಟಿದೆ, ಹಾಗಾಗಿ ಡಿಸೆಂಬರಿನಲ್ಲಿ ಬಾರದೆ ನಿರ್ವಾಹವಿಲ್ಲ ಎಂದು ಬಹಳ ಭಾರವಾದ ದನಿಯಲ್ಲಿ ತಿಳಿಸಿದೆ. ಅಕ್ಕ ನಗಲಿಲ್ಲ, ಹರಕೆಯ ವಿಷಯದಲ್ಲಿ ಅವಳು ನಗುವವಳಲ್ಲ. ಹುಡುಗ ಯಾರು, ಯಾವ ಕಡೆಯವ, ಪೆಟ್ಟೇನಾದರೂ ಆಗಿದೆಯೋ ಎಂದು ವಿಚಾರಿಸಿಕೊಂಡಳು. ಹೆಸರು ಕೇಳಿದಳು. ಆ ಹೆಸರು ನನ್ನ ನಾಲಗೆಗೆ ಸರಿಯಾಗಿ ಹೊರಳಲಿಲ್ಲ. ಪರವಾಗಿಲ್ಲ, ಜಪಾನಿನವ ಎಂದರೆ ದೈವಕ್ಕೆ ಗೊತ್ತಾಗುತ್ತದೆ ಎಂದಳು. ನಾನು ಫೋನಿಟ್ಟು ಅಂದೇ ಮಂಗಳೂರಿನ ವಿಮಾನಗಳ ಹೊತ್ತು ನೋಡತೊಡಗಿದೆ.

ಮಂಗಳವಾರ ಒಂದು ಫೋಟೋ ಬಂತು. ದೈವದ ಗುಡಿಯ ಮುಂದೆ ಎಳನೀರಿನ ಒಳ್ಳೆಯ ದಪ್ಪ ಗೊನೆ, ಪಕ್ಕದಲ್ಲಿ ಶಾಲು ಹೊದ್ದು ನೆಟ್ಟಗೆ ನಿಂತ ಭಾವ. ಬೆನ್ನಿಗೇ ಅಕ್ಕನ ವಾಯ್ಸ್ ಮೆಸೇಜು: "ಹರಕೆ ಬಾಕಿ ಇಟ್ಟುಕೊಳ್ಳಬಾರದು ತಮ್ಮ. ನಿನಗೆ ಅಷ್ಟು ದೂರದಿಂದ ಬರುವ ತೊಂದರೆ ಎಂತಕ್ಕೆ ಅಂತ ಅವನ ಹೆಸರಲ್ಲಿ ನಾವೇ ಕೊಟ್ಟೆವು. ನೀನು ಮಗಳ ರಜೆಯಲ್ಲಿ ನಿಧಾನ ಬಾ." ಅದನ್ನು ನಾನು ಊಟದ ಮೇಜಿನಲ್ಲಿ ಎಲ್ಲರಿಗೂ ಕೇಳಿಸಿದೆ. ಸುಜಾತ ಸಾರು ಬಡಿಸುತ್ತಾ "ಖಲಾಸ್" ಎಂದಳು. ಅವಳಿಗೆ ಬರುವ ನಾಲ್ಕು ಅರಬಿ ಶಬ್ದಗಳಲ್ಲಿ ಅದು ಒಂದು.

ಕಂಬಳದ ದಿನವೂ ಶನಿವಾರವೇ ಆಯಿತು. ಕುಟ್ಟಿಯ ಸರದಿ ಬರುವಾಗ ಅಕ್ಕ ವಿಡಿಯೋ ಕಾಲ್ ಮಾಡಿದಳು. ಅವಳ ಹಿಂದೆ ಜನ, ಧೂಳು, ಮೈಕಿನ ಗದ್ದಲ. ನಮ್ಮವರು ಕರೆ ಎನ್ನುವ ಕೆಸರು ತುಂಬಿದ ಓಟದ ಕಣವನ್ನೂ, ಅದರ ಆ ತುದಿಯಲ್ಲಿ ಕಪ್ಪಗೆ ಹೊಳೆಯುವ ಎರಡು ಕೋಣಗಳನ್ನೂ ಒಂದು ಗಳಿಗೆ ತೋರಿಸಿದಳು. "ಬಲದವ ನಮ್ಮವ, ನೋಡು" ಎಂದಳು. ಬಿಟ್ಟರು. ಬಿಟ್ಟದ್ದೇ ಅಕ್ಕ ನನ್ನನ್ನೂ ಫೋನನ್ನೂ ಮರೆತು ಎರಡೂ ಕೈ ಮೇಲೆತ್ತಿದಳು. ಆಮೇಲೆ ನನಗೆ ಕಂಡದ್ದು ಬರೀ ಆಕಾಶ. ಬೊಬ್ಬೆ ಕೇಳಿಸಿತು, ಕೆಸರು ಚಿಮ್ಮುವ ಸದ್ದು ಕೇಳಿಸಿತು, ಭಾವ ಕುಟ್ಟಿಯ ಹೆಸರು ಹಿಡಿದು ಕೂಗುವುದೂ ಕೇಳಿಸಿತು. ಮುಗಿದ ಮೇಲೆ ಅಕ್ಕನ ಮುಖ ಮತ್ತೆ ಬಂತು, ಒದ್ದೆಯಾಗಿತ್ತು. ಗೆದ್ದನಾ ಎಂದು ಕೇಳಿದೆ. "ಇಲ್ಲ. ಆದರೆ ಎಂಥ ಓಟ ಮಾರಾಯ! ಕಂಡಿತಲ್ಲ?" ಕಂಡಿತು ಅಕ್ಕ, ಚೆನ್ನಾಗಿ ಕಂಡಿತು ಎಂದೆ.

ಸುಳ್ಳೇನೂ ಅಲ್ಲ. ಮೋಡವೇ ಇಲ್ಲದ ನೀಲಿ ಆಕಾಶ ಅದು. ಹನ್ನೆರಡು ವರ್ಷಗಳಿಂದ ಊರಿನ ಮೇಲೆ ಅಂಥದ್ದೊಂದು ಇದೆ ಎಂಬುದೇ ನನಗೆ ಮರೆತುಹೋಗಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ಈ ಸಲ ಶ್ರಾವ್ಯ ವರದಿ ಒಪ್ಪಿಸಲಿಲ್ಲ. ಸುಜಾತ ಬಂದು ಪಕ್ಕದಲ್ಲಿ ಕೂತಳು. "ಹೋಗ್ಬೇಕು ಅಂತ ಒಂದ್ಸಲನಾದ್ರೂ ಬಾಯಿಬಿಟ್ಟು ಕೇಳಿದ್ರಾ? ನಾನೇನು ಬೇಡ ಅಂತಿದ್ನಾ? ನಾಲ್ಕು ದಿನ ನಾನು, ಶ್ರಾವ್ಯ ಇಬ್ರೇ ಇರ್ತಿರ್ಲಿಲ್ವಾ?" ಎಂದಳು.

ನೆನಪು ಮಾಡಿಕೊಂಡೆ. ದೈವಕ್ಕೆ ಹೇಳಿದ್ದೆ, ಅಕ್ಕನಿಗೆ ಹೇಳಿದ್ದೆ, ಗುರುತು ಪರಿಚಯವಿಲ್ಲದ ಜಪಾನಿನವನನ್ನೂ ನಡುವೆ ತಂದಿದ್ದೆ. ಇವಳನ್ನು ಕೇಳಿರಲಿಲ್ಲ. ಚಳಿಗಾಲದಲ್ಲಿ ನನ್ನ ಮುಖ ನೋಡಿ ನೋಡಿ ಬೇಸತ್ತಿರುವ ನಮ್ಮ ಮ್ಯಾನೇಜರನ್ನೂ ಕೇಳಿರಲಿಲ್ಲ. ಗೂಡಿನೊಳಗೆ ಹಗ್ಗ ಬಿಗಿಹಿಡಿದು ಕೂತು, ಗೇಟು ಯಾರೂ ತೆರೆಯುವುದಿಲ್ಲವಲ್ಲ ಎಂದು ವರ್ಷಗಟ್ಟಲೆ ಕೊರಗಿದವನು ನಾನು. ತಲೆ ಆಡಿಸಬೇಕಾದವನೂ ನಾನೇ ಎಂಬುದು ಹೊಳೆದದ್ದು ಕುಟ್ಟಿ ಓಟ ಮುಗಿಸಿ ಹಟ್ಟಿಗೆ ಹೊರಟ ಮೇಲೆ.

ಸುಜಾತ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಚಹಾ ಮಾಡಲೇ ಎಂದು ಕೇಳಿದಳು. ನಾನು ತಲೆ ಆಡಿಸಿದೆ.

"ಇದಕ್ಕಾದ್ರೆ ತಕ್ಷಣ ಆಡಿಸ್ತೀರಿ" ಎಂದು ಒಳಗೆ ಹೋದಳು.